ಅಲ್ಲಾಡದ ಮನೆ

ಅಂದಲಾನ್ ಕಟ್ಟಿದ ಮನೆ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ. ಸೆಂಪೊರ್ನಾದ ಕಡಲಂಚಿನ ನೀರಿನಲ್ಲಿ ಹನ್ನೆರಡು ಕಂಬ ನೆಟ್ಟು, ಅಡ್ಡಪಟ್ಟಿ ಹೊಡೆದು, ಸಂದುಸಂದಿಗೂ ಬೆಣೆ ಬಡಿದಿದ್ದ. ದಡದ ಬಡಗಿಗಳ ಜೊತೆ ಆರು ವರ್ಷ ದುಡಿದ ಜಂಬ. ಪುಣ್ಯಾತ್ಮ, ಮನೆ ಯಾರಿಗಾಗಿ ಅನ್ನುವುದನ್ನೇ ಮರೆತುಬಿಟ್ಟಿದ್ದ.

ಹೆಂಡತಿ ಮಾಸ್ನಾ ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬೆಳೆದವಳು. ಹೊಸ ಮನೆಗೆ ಕಾಲಿಟ್ಟ ದಿನವೇ ತಲೆಸುತ್ತು. ಗೋಡೆ ಹಿಡಿದು ತಟ್ಟಾಡಿದಳು, ತಿಂದ ಮರಗೆಣಸಿನ ಪುಟ್ಟನ್ನೆಲ್ಲ ಕಾರಿಕೊಂಡಳು. ದೋಣಿಯಲ್ಲೇ ಬಾಳುವ ನಮ್ಮವರಲ್ಲಿ ಇದು ಹೊಸದೇನಲ್ಲ, ಕಡಲಿಗೆ ಒಗ್ಗಿದ ಮೈಗೆ ನೆಲ ಒಗ್ಗುವುದಿಲ್ಲ. ಆದರೆ ಹತ್ತು ದಿನವಾದರೂ ಅವಳಿಗೆ ನಿದ್ದೆಯೇ ಹತ್ತಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಅವಳ ಅಪ್ಪ ತನಿಲ್ ಅವಳನ್ನು ಕರೆದೊಯ್ಯಲು ಬಂದು ಮೆಟ್ಟಿಲಿಗೆ ದೋಣಿ ಕಟ್ಟಿದ. ಮಗಳು ಆಗಲೇ ಚಾಪೆ ಸುತ್ತಿಕೊಂಡು ಕೂತಿದ್ದಳು.

“ಏನ್ ಅಳಿಯಂದ್ರೇ, ಮನೆ ಕಟ್ಟಿದ್ರೋ ಗೋರಿ ಕಟ್ಟಿದ್ರೋ? ಒಂಚೂರೂ ಮಿಸುಕಲ್ವಲ್ಲ.”

“ಗಟ್ಟಿಯಾಗಿರ್ಲಿ ಅಂತ ಕಟ್ದೆ ಮಾವ.”

“ಜಗಳ ಆಡ್ಕೊಂಡು ಹೋಗ್ತಿಲ್ಲ ಕಣ್ರೀ,” ಮಾಸ್ನಾ ಮೆಲ್ಲಗೆ ಅಂದಳು. “ನಿಮ್ಮನ್ನ ಬಿಟ್ಟಿರೋಕೆ ನಂಗೂ ಆಗಲ್ಲ. ಆದ್ರೆ ಇಲ್ಲಿ ಕಣ್ಮುಚ್ಚಿದ್ರೆ ಸಾಕು, ಎತ್ಕೊಂಡಿದ್ದೋರು ಯಾರೋ ಕೆಳಗಿಳಿಸಿ ಹೋದ ಹಾಗಾಗತ್ತೆ.”

“ಮತ್ತೆ ವಾಪಸ್ ಬರ್ತೀಯಾ?”

ಅವಳು ಸುತ್ತಿದ ಚಾಪೆಗೆ ಹಗ್ಗ ಬಿಗಿದಳು.

“ಉಬ್ಬರದ ನೀರು ಏರೋ ತನಕ ಕೂತಿರಿ ಮಾವ,” ಅಂದವನೇ ಅಂದಲಾನ್ ಸುತ್ತಿಗೆ ಹಿಡಿದು ಮನೆಯ ಕೆಳಗಿಳಿದ.

ಸೊಂಟದ ಮಟ್ಟದ ನೀರು, ಮೇಲೆ ಹಲಗೆಗಳ ಅಡಿಯಲ್ಲಿ ಕುಣಿಯುವ ಬೆಳಕು. ಎಷ್ಟು ಆಸೆಪಟ್ಟು ಬಡಿದ ಬೆಣೆಗಳು ಅವು! ಒಂದೊಂದನ್ನೇ ಕಿತ್ತು ನೀರಿಗೆ ಬಿಟ್ಟ. ಮನೆ ಬೀಳದಷ್ಟು ಉಳಿಸಿ, ಅಡ್ಡಪಟ್ಟಿಗಳನ್ನೂ ಸಡಿಲಿಸಿದ. ಬೆಣೆಗಳು ಪುಟ್ಟ ಮೀನುಗಳ ಹಾಗೆ ತೇಲುತ್ತಾ ಆಚೆ ಹೋದವು. ಕಣ್ಣು ತುಂಬಿ ಬಂದರೂ ಕೈ ನಿಲ್ಲಿಸಲಿಲ್ಲ.

ನೀರು ಏರಿತು. ಮೊದಲು ಅಡುಗೆಮೂಲೆಯ ತಟ್ಟೆಗಳು ಕಿಣಿಕಿಣಿ ಅಂದವು. ಆಮೇಲೆ ಕಂಬಗಳು ಗೊಣಗಿದವು. ಆಮೇಲೆ ಇಡೀ ಮನೆ ಅತ್ತ ಇಷ್ಟು, ಇತ್ತ ಇಷ್ಟು, ಮೆಲ್ಲಗೆ ತೂಗತೊಡಗಿತು.

ಅಂದಲಾನ್ ಮೇಲೆ ಹತ್ತಿ ಬರುವಷ್ಟರಲ್ಲಿ ಮಾಸ್ನಾ ಸುತ್ತಿದ ಚಾಪೆಗೇ ತಲೆ ಕೊಟ್ಟು ಮಲಗಿಬಿಟ್ಟಿದ್ದಳು. ಹನ್ನೊಂದು ದಿನದ ನಿದ್ದೆ. ತನಿಲ್ ಸದ್ದಾಗದಂತೆ ದೋಣಿಯ ಹಗ್ಗ ಬಿಚ್ಚುತ್ತಿದ್ದ.

ಹೆಂಡತಿಯ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದಷ್ಟೇ, ಆರು ವರ್ಷ ನೆಲ ತುಳಿದ ಅಂದಲಾನನ ಕಾಲುಗಳು ತತ್ತರಿಸಿದವು. ತಲೆ ಗಿರ್ರೆಂದಿತು. ಗಬಕ್ಕನೆ ಗೋಡೆ ಹಿಡಿದುಕೊಂಡ.

“ಹತ್ತು ದಿನ ಹಾಗೇ ಇರತ್ತೆ ಬಿಡಿ,” ಮಾವ ಪಿಸುಗುಟ್ಟಿ ದೋಣಿ ತಳ್ಳಿಕೊಂಡು ಒಬ್ಬನೇ ಹೊರಟ.