ಒಬ್ಬನೇ ಡೊನಾಲ್ಡ್

ಆ ದ್ವೀಪವನ್ನು ನಕಾಶೆಯಲ್ಲಿ ಮಾತ್ರ, ಅದೂ ಬೆರಳಿಟ್ಟು ಹುಡುಕಿ ನೋಡಿದವರು ಅಲ್ಲಿಯವರ ವಂಶದ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಎಜುಕೇಶನ್ ಹಿಲ್‌ನ ಶಾಮಲಾ ಗಂಡನ ನೌಕರಿಯ ಬೆನ್ನಿಗೆ ಡಿಪೆಂಡೆಂಟ್ ವೀಸಾದ ಮೇಲೆ ಪರದೇಶಕ್ಕೆ ಬಂದವಳು. ಸಂಬಳಕ್ಕೆ ದುಡಿಯುವಂತಿರಲಿಲ್ಲ, ಪುಕ್ಕಟೆ ದುಡಿಯಲು ಯಾರ ಅಡ್ಡಿಯೂ ಇರಲಿಲ್ಲ. ಸ್ಕಾಟ್ಲೆಂಡಿನ ಊಲ್ಸೆ ಎಂಬ ದ್ವೀಪದಿಂದ ಹಿಂದೆಂದೋ ವಲಸೆ ಬಂದವರ ಮೊಮ್ಮಕ್ಕಳು ಹತ್ತಿರದ ಸ್ನೊಕ್ವಾಲ್ಮಿ ಊರಿನಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು. ಅವರ ಮನೆತನಗಳ ಚರಿತ್ರೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವಳ ಪಾಲಿಗೆ ಬಂತು. ಅದನ್ನು ನೋಡಿಕೊಂಡೇ, ಸಮುದ್ರಪಾಲಾದ ಊಲ್ಸೆಯವರ ಹೆಸರು ಕೊರೆದ ಹಿತ್ತಾಳೆ ಫಲಕ ಮಾಡಿಸುವವರಿದ್ದರು. ಅದರಲ್ಲಿ ತನ್ನ ಅಜ್ಜ ಡೊನಾಲ್ಡ್ ಮ್ಯಾಕ್‌ಫೀಯ ಹೆಸರನ್ನು ನೋಡಿ ಕಣ್ಮುಚ್ಚಬೇಕೆಂಬುದು ಪೆಗ್ಗಿ ಎಂಬ ಹಣ್ಣುಮುದುಕಿಯ ಆಸೆ.

ಊಲ್ಸೆಯಲ್ಲಿ ಪ್ರತಿಯೊಬ್ಬರೂ ಮೊದಲ ಮಗನಿಗೆ ಅವನ ಅಜ್ಜನ ಹೆಸರಿಡುವುದು ಪದ್ಧತಿ. ಶಾಮಲಾಗೆ ಇದು ಹೊಸದಲ್ಲ, ಅವಳ ಗಂಡ ಶಿವಕುಮಾರನದೂ ಅಜ್ಜನ ಹೆಸರೇ. ಆದರೆ ಇಲ್ಲಿ ಅಣ್ಣನ ಮಗನೂ ಡೊನಾಲ್ಡ್ ಮ್ಯಾಕ್‌ಫೀ, ತಮ್ಮನ ಮಗನೂ ಡೊನಾಲ್ಡ್ ಮ್ಯಾಕ್‌ಫೀ. ಟೈಪು ಮಾಡಿ ಕೈಸೋತು ಅವಳು ಗಂಡನ ಮೊರೆಹೊಕ್ಕಳು.

"ಇಷ್ಟೊಂದು ಡೂಪ್ಲಿಕೇಟ್ ಇಟ್ಕೊಂಡು ಏನ್ ಮಾಡ್ತೀಯ ಶಾಮು? ಆಫೀಸಲ್ಲಿ ನಂಗೆ ದಿನಾ ಇದೇ ಕೆಲಸ. ಒಂದೇ ಹೆಸರಿನವನ್ನೆಲ್ಲ ಸೇರಿಸೋ ಸ್ಕ್ರಿಪ್ಟ್ ಓಡಿಸಿದ್ರೆ ಕ್ಲೀನ್!"

"ರೀ, ಅವ್ರೆಲ್ಲ ಬೇರೆ ಬೇರೆ ಮನುಷ್ಯರಲ್ವೇನ್ರೀ?"

"ಹೆಸರೊಂದೇ, ಊರೊಂದೇ. ಎಲ್ಲಕ್ಕೂ ಅನುಮಾನ ನಿಂಗೆ!"

ಅನುಮಾನ ಅವಳ ಹುಟ್ಟುಗುಣ. ಹಾಗಾಗಿ ತನ್ನ ಅನುಮಾನದ ಮೇಲೇ ಅನುಮಾನ ಬಂದು ಕಂಪ್ಯೂಟರನ್ನು ಅವನ ಕೈಗೆ ಬಿಟ್ಟಳು.

ಸ್ಕ್ರಿಪ್ಟ್ ಓಡಿತು, ಡೊನಾಲ್ಡರೆಲ್ಲ ಒಬ್ಬನಾದರು. ಆ ಒಬ್ಬ ಮೂವರು ಹೆಂಡಿರನ್ನು ಒಟ್ಟಿಗೆ ಆಳಿ, ಕುರಿ ಕದ್ದು ಜೈಲಿಗೆ ಹೋಗಿ, ಹಡಗಿನ ಕಪ್ತಾನನಾಗಿ, ತಾನು ಹುಟ್ಟುವ ಮುಂಚೆಯೇ ತಾತನಾಗಿ, ಕೊನೆಗೆ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಸತ್ತಿದ್ದ. ಹಳೆಯ ಫೈಲಿನ ಮೇಲೇ ಹೊಸದು ಕೂತು ಹಳೆಯದು ಅಳಿಸಿಹೋಗಿತ್ತು. ಕಂಪ್ಯೂಟರ್ ಬಂತಲ್ಲ ಎಂದು ಸಂಘದ ಅಧ್ಯಕ್ಷ ನಾರ್ಮನ್ ಕಾಗದಗಳನ್ನೆಲ್ಲ ಆಗಲೇ ರದ್ದಿಗೆ ಹಾಕಿಸಿದ್ದ.

ಶಾಮಲಾ ಸಂಘದ ಸಭೆಯಲ್ಲಿ ತಪ್ಪೊಪ್ಪಿಕೊಂಡಳು. ನಾರ್ಮನ್ ಮಾತ್ರ ಎದ್ದುನಿಂತು ಚಪ್ಪಾಳೆ ತಟ್ಟಿದ. "ಇಷ್ಟು ದಿನ ಕುರಿಗಳ್ಳನ ಮರಿಮಗನಾಗಿದ್ದೆ. ಈಗ ಕಪ್ತಾನನ ಮರಿಮಗ! ನಮ್ಮ ಚರಿತ್ರೆ ಇಷ್ಟು ಸ್ಪಷ್ಟವಾಗಿ ಎಂದೂ ಇರಲಿಲ್ಲ."

ಎಲ್ಲರಿಗೂ ಹಾಗೇ ಅನ್ನಿಸಿತು. ಕುರಿ ಕದ್ದದ್ದು ಕಪ್ತಾನನ ಹುಡುಗಾಟವೆಂದು ಕೈಯೆತ್ತಿ ಅಂಗೀಕರಿಸಿದರು.

ಪೆಗ್ಗಿ ಕೈಯೆತ್ತಲಿಲ್ಲ. "ನನ್ನಜ್ಜ ಹಾಸಿಗೆಯ ಮೇಲೆ ಸಾಯಲಿಲ್ಲ, ಮೀನಿಗೆ ಹೋಗಿ ಮುಳುಗಿದ."

"ಪುರಾವೆ ಎಲ್ಲಿದೆ ಪೆಗ್ಗಿ?"

"ನನ್ನಮ್ಮ ಸಾಯೋವರೆಗೂ ಮೀನು ತಿನ್ನಲಿಲ್ಲ, ನಾರ್ಮನ್."

"ಊಟ ಬಿಟ್ಟದ್ದು ಪುರಾವೆಯಾಗುತ್ತದೆಯೇ?" ಎಂದ ನಾರ್ಮನ್. ಯಾರೋ ಕಿಸಕ್ಕೆಂದರು.

ಶಾಮಲಾ ಕಂಪ್ಯೂಟರ್ ತೆರೆದಳು. "ಸರ್, ಕಪ್ತಾನ ನಿಮ್ಮ ಮುತ್ತಜ್ಜ ಅನ್ನೋದಕ್ಕೆ ಪುರಾವೆ ನಮ್ಮ ಮನೆಯವರ ಸ್ಕ್ರಿಪ್ಟ್ ಒಂದೇ. ಅದು ಕೂಡಿಸಿದ್ದನ್ನೆಲ್ಲ ಅಳಿಸಿಬಿಡಲೇ?"

ನಾರ್ಮನ್ ಕನ್ನಡಕ ಒರೆಸಿಕೊಂಡ. ಅವಸರ ಬೇಡ, ಒಬ್ಬ ಡೊನಾಲ್ಡನನ್ನು ಬೇರೆ ಮಾಡಿದರೆ ಸಂಘಕ್ಕೇನೂ ನಷ್ಟವಿಲ್ಲ ಎಂದ.

ಅವಳು ಅಲ್ಲೇ ಕೂತು ಪೆಗ್ಗಿಯ ಡೊನಾಲ್ಡನನ್ನು ಪ್ರತ್ಯೇಕವಾಗಿ ಟೈಪು ಮಾಡಿದಳು. ಫಲಕದಲ್ಲಿ ಅವನ ಹೆಸರು ಬಂತು. ಪೆಗ್ಗಿ ಅದನ್ನು ಬೆರಳಿನಿಂದ ಸವರಿ ನೋಡಿದಳು.

ಹೆಸರಿನ ಮುಂದೆ ವರ್ಷವಿಲ್ಲ. ಆತ ಯಾವಾಗ ಮುಳುಗಿದ, ದೋಣಿಯಲ್ಲಿ ಜೊತೆಗೆ ಯಾರಿದ್ದರು, ನಿಜಕ್ಕೂ ಮುಳುಗಿದನೋ ಬೇರೆ ಯಾವುದೋ ದಡ ಸೇರಿಕೊಂಡನೋ, ಪೆಗ್ಗಿಗೆ ಗೊತ್ತಿರಲಿಲ್ಲ. ಶಾಮಲಾಗೂ ತಿಳಿಯಲಿಲ್ಲ.