ಹಿಂದಕ್ಕೆ ಹೊರಟ ದೋಣಿ

ಬೇರೆ ಇಂಜಿನ್ ಕೂರಿಸಿದ ದಿನ ನಾಗರತ್ನ ಗೇರಿನ ಕಡ್ಡಿಯನ್ನು ಮುಂದಕ್ಕೆ ತಳ್ಳಿದಳು. ದೋಣಿ ಹಿಂದಕ್ಕೆ ಹೊರಟು, ದಡಕ್ಕೆ ಗುದ್ದಿ, ಬಟ್ಟೆ ಒಗೆಯುತ್ತಿದ್ದವರ ಬಕೀಟು ಉರುಳಿಸಿತು.

"ನೂರಣ್ಣ, ಇದು ದೋಣಿನೋ ಮೊಂಡು ಕತ್ತೆನೋ?"

ನೂರ್ ಅಹಮ್ಮದ್ ಗಡ್ಡ ಕೆರೆದುಕೊಂಡ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಓಣಿಯಲ್ಲಿ ಅವನ ಅಂಗಡಿ. ಶೇಂಗಾ ಒಡೆಯುವ ಮಿಷನ್ನು, ನೀರೆತ್ತುವ ಪಂಪು ಅಂದರೆ ಕಣ್ಣುಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದ. ದೋಣಿ ಮುಟ್ಟಿದ್ದು ಮಾತ್ರ ಇದೇ ಮೊದಲು. ನಮ್ಮ ಸೀಮೆಯಲ್ಲಿ ದೋಣಿ ರಿಪೇರಿ ಗೊತ್ತಿದ್ದವರಾದರೂ ಯಾರು?

"ಕಡ್ಡಿ ಉಲ್ಟಾ ಜೋಡಿಸ್ಬಿಟ್ಟಿದೀನಿ ತಂಗೀ, ಅಷ್ಟೇ" ಅಂದವನೇ ಗೇರ್ ಬಾಕ್ಸಿಗೆ ಹೋಗುವ ಸರಳನ್ನು ಅದಲುಬದಲು ಮಾಡಿದ. ದೋಣಿ ಮುಂದಕ್ಕೆ ಹೋಯಿತು. ಎಲ್ಲರೂ ಚಾ ಕುಡಿದರು.

ಮೊಳಕಾಲ್ಮುರು ಕಡೆ ಆ ವರ್ಷ ಬಂದ ಮಳೆಗೆ ಜಲಾಶಯ ತುಂಬಿ, ಕರಿಗುಡ್ಡದ ಹಟ್ಟಿಯ ರಸ್ತೆ ಮುಳುಗಿತ್ತು. ಗುಡ್ಡ ಬಳಸಿ ನಡೆದರೆ ಅರ್ಧ ದಿನ ಅಲ್ಲೇ ಕಳೆಯುತ್ತಿತ್ತು. ಹಾಗಾಗಿ ಹಟ್ಟಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದುದು ನಾಗರತ್ನಳ ಮೀನಿನ ದೋಣಿಯಲ್ಲಿ. ಅವಳ ಮಗಳು ರಶ್ಮಿತಾ ಕೂಡ ಅದರಲ್ಲೇ. ಹತ್ತನೇ ತರಗತಿ.

ವಾರ ಕಳೆಯುವುದರೊಳಗೆ ನಡುನೀರಲ್ಲಿ ಇಂಜಿನ್ ಅಬ್ಬರಿಸಿತು, ದೋಣಿ ನಿಂತೇ ಬಿಟ್ಟಿತು. ಗಾಳಿ ಅದನ್ನು ಮುಳುಗಿದ ಜಾಲಿ ಮರಗಳ ಒಳಗೆ ನೂಕಿತು. ಹುಡುಗಿಯರ ಲಂಗ, ಪುಸ್ತಕದ ಚೀಲ ಎಲ್ಲ ಮುಳ್ಳು. ದಡದಲ್ಲಿದ್ದವರು ಹಗ್ಗ ಎಸೆದು ಎಳೆದುಕೊಂಡರು.

ಹಟ್ಟಿಯ ಹಿರಿಯ ದೊಡ್ಡೀರಪ್ಪ ದಡದಲ್ಲೇ ತೀರ್ಪು ಕೊಟ್ಟ: "ಸೋಮವಾರದ ಹೊತ್ತಿಗೆ ಇದು ಸರಿಯಾಗ್ಲಿಲ್ಲಾಂದ್ರೆ ಹುಡುಗೀರು ಮನೇಲೇ ಇರ್ಲಿ. ನೀರು ಇಳಿದ ಮ್ಯಾಲೆ ನೋಡಾಣ."

"ನೀರು ಇಳಿಯೋದು ಬ್ಯಾಸಗಿಗೆ ಮಾವ. ಪರೀಕ್ಷೆ ಅದಕ್ಕಿಂತ ಮುಂಚೆ ಐತೆ" ಅಂದಳು ನಾಗರತ್ನ.

"ಜೀವ ಅದಕ್ಕಿಂತ ಮುಂಚೆ ಐತೆ."

ನಾಗರತ್ನ ಅಲ್ಲಿಂದಲೇ ನೂರ್‌ಗೆ ಫೋನು ಮಾಡಿದಳು.

ಶನಿವಾರ ನೂರ್ ಬಂದು ಗೇರ್ ಬಾಕ್ಸಿನ ಎಣ್ಣೆ ಇಳಿಸಿದ. ಹೊಸದಾಗಿ ಹಾಕಿದ ಎಣ್ಣೆ ಕಾಡಿಗೆಯಾಗಿತ್ತು. ಸೀದುಹೋದ ಒಗ್ಗರಣೆಯ ವಾಸನೆ. ಬೇರೆ ಎಣ್ಣೆ ಹುಯ್ದ. ಇಂಜಿನ್ನಿನ ಬೋಲ್ಟು ಸಡಿಲಿಸಿ, ಶಾಫ್ಟು ನೆಟ್ಟಗಿದೆಯೇ ಅಂತ ಜೋಡಣೆಯ ಸಂದಿಗೆ ಬ್ಲೇಡು ತೂರಿಸಿ ನೋಡಿದ. ನೆಟ್ಟಗಿತ್ತು. ನಾಗರತ್ನ ಇಂಜಿನ್ನಿಗೆ ಹಗ್ಗ ಸುತ್ತಿ ಎಳೆದಳು. ಅದಕ್ಕೆ ತಿರುಗಿಸಿ ಚಾಲೂ ಮಾಡುವ ಹ್ಯಾಂಡಲ್ ಇರಲಿಲ್ಲ, ಹಗ್ಗದಲ್ಲೇ ಚಾಲೂ ಆಗುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗೇರ್ ಬಾಕ್ಸು ಹಂಚಿನ ಹಾಗೆ ಕಾದಿತ್ತು.

"ಈಗ ಅಷ್ಟೇ ಹೊತ್ತು ಹಿಂದಕ್ಕೆ ಬಿಡು ತಂಗೀ."

"ಹಿಂದಕ್ಕಾ? ಯಾಕೆ?"

"ಸುಮ್ನೆ. ನೋಡೋ ಆಸೆ."

ಅದು ತಣ್ಣಗಾಗುವ ತನಕ ಕಾದು, ಹಿಂದು ಹಿಂದಾಗಿಯೇ ದಡಕ್ಕೆ ಬಂದರು. ನೂರ್ ಗೇರ್ ಬಾಕ್ಸಿನ ಮೇಲೆ ಅಂಗೈ ಇಟ್ಟ. ತೆಗೆಯಲೇ ಇಲ್ಲ.

"ಕಾದೇ ಇಲ್ವಲ್ಲೇ! ಇದರೊಳಗೆ ಎರಡು ಜೋಡಿ ಪ್ಲೇಟು ಐತೆ. ಮುಂದಕ್ಕೆ ಹೋಗೋದು ದಪ್ಪಂದು, ದಿನಾ ಪೂರ್ತಿ ದುಡೀತೈತೆ. ಹಿಂದಕ್ಕೆ ಬರೋದು ತೆಳ್ಳಂದು, ದಡ ಬಿಡೋಕೆ ಮಾತ್ರ. ನಾನು ಕಡ್ಡಿ ಬದಲಾಯ್ಸಿ ತೆಳ್ಳಂದರ ತಲೆ ಮ್ಯಾಲೆ ಮೂಟೆ ಹೊರ್ಸಿದೀನಿ."

"ಹಂಗಾರೆ ಇಂಜಿನ್ನೇ ಉಲ್ಟಾ ತಿರುಗ್ತೈತಾ?"

"ಅದೇ ತಲೆ ತಿನ್ತಿರೋದು. ಈ ಜಾತಿ ಇಂಜಿನ್ನು ಎಲ್ಲಾ ಒಂದೇ ಕಡೆ ತಿರುಗ್ತಾವೆ. ಇದಕ್ಕೇನು ಬಂತು ರೋಗ?"

ಇಂಜಿನ್ ತಂದದ್ದು ನನ್ನಿವಾಳದ ಎರ್ರಿಸ್ವಾಮಿಯ ಶೇಂಗಾ ಮಿಷನ್ನಿನಿಂದ. ಭಾನುವಾರ ಬೆಳಿಗ್ಗೆಯೇ ನೂರ್ ಬೈಕು ಹತ್ತಿ ಅಲ್ಲಿಗೆ ಹೋದ.

"ಏನ್ ಸಾಬ್ರೇ, ಇಂಜಿನ್ ವಾಪಸ್ ಅನ್ನಂಗಿಲ್ಲ ಮತ್ತೆ!" ಎಂದೇ ಸ್ವಾಗತಿಸಿದ ಎರ್ರಿಸ್ವಾಮಿ.

"ಬ್ಯಾಡ ಮಾರಾಯ. ಅದು ಕೂತಿದ್ದ ಜಾಗ ತೋರ್ಸು ಸಾಕು."

ಶೆಡ್ಡಿನ ಗೋಡೆಯಲ್ಲಿ ಮಸಿ ಹಿಡಿದ ತೂತೊಂದಿತ್ತು. ಅದರ ಪಕ್ಕ ಗೂಟಕ್ಕೆ ಹಳೆಯ ಪಟ್ಟಾ ಬೆಲ್ಟು ನೇತುಬಿದ್ದಿತ್ತು. ನೂರ್ ಅದನ್ನು ಕೈಮೇಲೆ ಹರಡಿದ. ಎಲ್ಲೂ ತಾಗಬಾರದ ಹೊರಮೈ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು.

"ಬೆಲ್ಟು ಕತ್ರಿ ಹಂಗೆ ಅಡ್ಡ ತಿರುವಿ ಹಾಕ್ತಿದ್ರೇನು? ಒಂದಕ್ಕೊಂದು ಉಜ್ಜೈತೆ."

"ಹೂಂ. ಮೊದ್ಲು ಹೊಗೆ ಎಲ್ಲಾ ಒಳಗೇ ಬರ್ತಿತ್ತು. ಶೇಂಗಾ ಆರಿಸೋ ಹೆಂಗಸ್ರು 'ನಮ್ಮನ್ನ ಸುಟ್ಟ ಬದನೆಕಾಯಿ ಮಾಡ್ತೀಯೇನೋ' ಅಂತ ಬೈದ್ರು. ಅಪ್ಪ ಇಂಜಿನ್ನ ಮುಖ ತಿರುಗ್ಸಿ ಕೂರಿಸ್ದ, ಹೊಗೆ ತೂತಲ್ಲಿ ಹೊರಗೋತು. ಬೆಲ್ಟಿನ ಪುಲ್ಲಿ ಚಕ್ರಾನ ಹ್ಯಾಂಡಲ್ ಹಾಕೋ ಕಡೆಗೆ ಹಾಕ್ದ. ಮಿಷನ್ ಉಲ್ಟಾ ತಿರುಗ್ತು. ಬೆಲ್ಟಿಗೊಂದು ತಿರುವು ಕೊಟ್ಟ, ಸರಿಹೋತು."

"ಮತ್ತೆ ಹ್ಯಾಂಡಲ್?"

ಎರ್ರಿಸ್ವಾಮಿ ಮನೆ ಕಡೆ ಕೈ ತೋರಿಸಿದ. ಬಾಗಿಲು ಬಡಿದುಕೊಳ್ಳದಂತೆ ಅದಕ್ಕೆ ಒರಗಿಸಿಟ್ಟ ಕಬ್ಬಿಣದ ಹ್ಯಾಂಡಲ್ಲು ಬಿಸಿಲಲ್ಲಿ ಮಿನುಗುತ್ತಿತ್ತು.

ನೂರ್ ಕಲ್ಲಿನ ಮೇಲೆ ಕೂತು ನಗತೊಡಗಿದ. ಗಾಡಿಯ ಚಕ್ರವನ್ನು ಈ ಕಡೆಯಿಂದ ನೋಡಿದರೆ ಒಂದು ಸುತ್ತು, ಆ ಕಡೆಯಿಂದ ನೋಡಿದರೆ ಇನ್ನೊಂದು ಸುತ್ತು. ಇಂಜಿನ್ ಸರಿಯಾಗಿಯೇ ತಿರುಗುತ್ತಿತ್ತು. ಪುಲ್ಲಿ ಇದ್ದ ಕಡೆಯೇ ಎಳೆಯುವ ಕಡೆ ಅಂತ ನಂಬಿ, ನೂರ್ ತಾನೇ ಹ್ಯಾಂಡಲ್ ಹಾಕುವ ತುದಿಗೆ ಗೇರ್ ಬಾಕ್ಸು ಕಟ್ಟಿದ್ದ. ಬೆಲ್ಟಿಗಾದರೆ ಒಂದು ತಿರುವು ಕೊಡಬಹುದು, ಉಕ್ಕಿನ ಶಾಫ್ಟಿಗೆ ಕೊಡಲಾಗುತ್ತದೆಯೇ?

"ಹ್ಯಾಂಡಲ್ ಕೊಡೋ."

"ಬಾಗಿಲು ಬಡಿದ್ರೆ ನಮ್ಮವ್ವ ನನ್ನ ಬಡಿತಾಳೆ ಸಾಬ್ರೇ!"

"ಕಲ್ಲಿಡು."

ಆ ಮಧ್ಯಾಹ್ನ ದೋಣಿಯಲ್ಲಿ ಇಂಜಿನ್ ಎತ್ತಿ, ಮುಖ ತಿರುಗಿಸಿ ಕೂರಿಸಿದರು. ಗೇರಿನ ಸರಳು ಮೊದಲಿದ್ದ ಹಾಗೆ ಬಂತು. ಹ್ಯಾಂಡಲ್ ತೂರಿಸಿ ನಾಗರತ್ನ ತಿರುಗಿಸಿದ ಕೂಡಲೇ ಇಂಜಿನ್ ಹೊತ್ತಿಕೊಂಡಿತು. "ತೆಳ್ಳಂದು ಸುಟ್ಟೈತೆ, ಹಿಂದಕ್ಕೆ ಬಿಟ್ರೆ ಜಾರ್ತದೆ. ನಾನು ಹೊಸ ಪ್ಲೇಟು ತರೋ ತನಕ ದಡ ಬಿಡುವಾಗ ಗಳ ಊರಿ ನೂಕು" ಅಂದ ನೂರ್.

ಸೋಮವಾರ ಬೆಳಿಗ್ಗೆ ಹುಡುಗಿಯರು ಚೀಲ ಹೆಗಲಿಗೇರಿಸಿ ದಡದಲ್ಲಿ ನಿಂತಿದ್ದರು. ದೊಡ್ಡೀರಪ್ಪ ಅವರನ್ನು ತಡೆದು, ಪಂಚೆ ಎತ್ತಿ ಕಟ್ಟಿ ತಾನೊಬ್ಬನೇ ಹತ್ತಿದ.

"ಆ ಡಬ್ಬಿ ಯಾವುದು? ಕೈ ಎಲ್ಲಿಡ್ಬೇಕು?"

ದೋಣಿಯಲ್ಲಿದ್ದ ನೂರ್ ತೋರಿಸಿದ. ಮುದುಕ ಗೇರ್ ಬಾಕ್ಸಿನ ಮೇಲೆ ಅಂಗೈ ಊರಿ ಕೂತ. ಆ ದಡ ಮುಟ್ಟಿ, ತಿರುಗಿ, ಜಾಲಿ ಮರಗಳ ಪಕ್ಕದಲ್ಲೇ ಹಾದು ಈ ದಡಕ್ಕೆ ಬಂದರು. ನಾಗರತ್ನ ನೀರು ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದಳು.

"ಹೆಂಗೈತೆ ಮಾವ?"

"ಬೆಚ್ಚಗೈತೆ."

"ಎಷ್ಟು?"

ದೊಡ್ಡೀರಪ್ಪ ಯೋಚಿಸಿದ. "ಹಾಲು ಕುಡಿದ ಕುರಿಮರಿ ಹೊಟ್ಟೆ ಇರ್ತದಲ್ಲ, ಅಷ್ಟು."

ಅಷ್ಟು ಕೇಳಿದ್ದೇ ತಡ, ರಶ್ಮಿತಾ ಮೊದಲು ಹಾರಿದಳು, ಅವಳ ಹಿಂದೆ ಉಳಿದವರು. ನಾಗರತ್ನ ಗಳ ಊರಿ ದಡ ನೂಕಿದಳು.

"ಏ, ನನ್ನ ಇಳಿಸಿ ಹೋಗ್ರೇ!"

"ಹೊತ್ತಾತು ತಾತ. ಕೈ ಅಲ್ಲೇ ಇಟ್ಕಂಡು ಕೂತ್ಕ!" ಅಂದಳು ರಶ್ಮಿತಾ.

ಗೇರು ಬಿತ್ತು. ಮುದುಕ ಬೈಯುತ್ತಲೇ ಇದ್ದ, ಕೈ ಮಾತ್ರ ಆ ಡಬ್ಬಿಯ ಮೇಲಿಂದ ತೆಗೆಯಲಿಲ್ಲ.