ಬೋರವ್ವ ಬಿಟ್ಟುಹೋದ ಐದು ಕೋಳಿ

ಯುಗಾದಿ ಮುಗಿದು ಹತ್ತು ದಿನವಾಗಿತ್ತು. ಶಿರೂರಿನಲ್ಲಿ ಹುಣಸೆಹಣ್ಣು ಬಡಿಯುವ ಕೆಲಸ ನಡೆದಿತ್ತು. ಹಣ್ಣಿನ ಸಿಪ್ಪೆ ಬಿಸಿಲಿಗೆ ಕಾದು ಗರಿಗರಿಯಾದಾಗಲೇ ಬಡಿಯಬೇಕು. ತಂಪು ಹೊತ್ತಿನಲ್ಲಿ ಬಡಿದರೆ ಸಿಪ್ಪೆ ಹಣ್ಣಿಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಚಂದವ್ವ ತಲೆಗೆ ಸೆರಗು ಹೊದ್ದು, ಉರಿಬಿಸಿಲಿನಲ್ಲೇ ಅಂಗಳದಲ್ಲಿ ಕೂತು ಬಡಿಗೆ ಆಡಿಸುತ್ತಿದ್ದಳು. ಅವಳ ಏಳು ಜವಾರಿ ಕೋಳಿ, ಒಂದು ಹುಂಜ ಸುತ್ತಲೂ ಕೆದರುತ್ತ ತಿರುಗುತ್ತಿದ್ದವು.

ಎದುರು ಮನೆಯ ಬೋರವ್ವ ಬಂದು ಸಭೆಗೆ ಕರೆದಳು. ಬೋರವ್ವ ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಜನ್ಮದಲ್ಲಿ ಕೋಳಿ ಸಾಕಿದವಳಲ್ಲ. ಸಭೆ ಕರೆದಿದ್ದವಳು ಪಶುಸಖಿ ಅಲ್ಮಾಸ. ದನ, ಆಡು, ಕೋಳಿಗಳ ಆರೈಕೆಯ ತರಬೇತಿ ಪಡೆದು ಊರಿನ ಮನೆಮನೆ ತಿರುಗುವ ಹುಡುಗಿ.

ವಿಷಯ ಇಷ್ಟು. ಹೆದ್ದಾರಿ ಪಕ್ಕದ ಒಂದು ತತ್ತಿ ಫಾರಂ ಮುಚ್ಚಿಹೋಗಿತ್ತು. ಮಾಲೀಕ ಕೈಬಿಟ್ಟ ಮೇಲೆ ಕೋಳಿಗಳು ತಂತಿ ಪಂಜರದೊಳಗೇ ಉಪವಾಸ ಬಿದ್ದಿದ್ದವು. ಪ್ರಾಣಿದಯೆಯ ಕೆಲಸ ಮಾಡುವ ಒಂದು ಬಳಗದವರು ಅವನ್ನು ಬಿಡಿಸಿ, ಪಶು ವೈದ್ಯರಿಗೆ ತೋರಿಸಿ, ಸಾಕುವ ಮನಸ್ಸಿದ್ದವರಿಗೆ ಐದೈದರಂತೆ ಕೊಡುತ್ತಿದ್ದರು. ಕಟ್ಟಳೆ ಒಂದೇ. ಕೋಳಿ ಬರುವ ಮೊದಲು ಅವಕ್ಕೆ ಮನೆ ಸಜ್ಜಾಗಿರಬೇಕು. ಹೇಗೆ ಸಜ್ಜು ಮಾಡಬೇಕು ಎನ್ನುವುದನ್ನು ಸಭೆಯಲ್ಲಿ ಹೇಳುವವರಿದ್ದರು.

ಚಂದವ್ವ ಬಡಿಗೆ ನಿಲ್ಲಿಸಲಿಲ್ಲ.

“ಕೋಳಿ ಹೆಂಗ ಸಾಕಬೇಕು ಅಂತ ನನಗ ಅಲ್ಮಾಸ ಕಲಸ್ತಾಳೇನು? ಆಕಿ ಹುಟ್ಟೂಕಿಂತ ಮೊದಲ ನಾ ಕೋಳಿ ಕಾವಿಗೆ ಕುಂದರಿಸಿದಾಕಿ. ನೀ ಹೋಗಿ ಬಾ.”

ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ ಗಂಡ ನಾಗಲಿಂಗನೂ ಒಂದು ಮಾತು ಸೇರಿಸಿದ. “ಹೋಗವ್ವ, ಹೋಗು. ಕೋಳಿಗೆ ಅಕ್ಷರ ಕಲಿಸೂದೂ ಕೇಳ್ಕೊಂಡು ಬಾ.”

ಬೋರವ್ವ ನಕ್ಕು ಹೋದಳು. ಏನೂ ಗೊತ್ತಿಲ್ಲದವಳಾದ್ದರಿಂದ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬಂದಳು. ನಾಲ್ಕು ದಿನ ಅಂಗನವಾಡಿಯಿಂದ ಬಂದ ಮೇಲೆ ಅದೇ ಕೆಲಸ. ದಿನವಿಡೀ ಬಿಸಿಲು ಬೀಳದ ಬಡಗಣ ಗೋಡೆಗೆ ಒರಗಿಸಿ ಗೂಡು ಕಟ್ಟಿದಳು. ಮೇಲೆ ತಗಡು, ತಗಡಿನ ಮೇಲೆ ನೀರು ಚಿಮುಕಿಸಲು ಗೋಣಿಚೀಲ. ಬೆಕ್ಕು, ಮುಂಗುಸಿ ನುಗ್ಗದಂತೆ ಸುತ್ತ ಬಲೆ. ನೆಲಕ್ಕೆ ಒಣ ಶೇಂಗಾ ಸಿಪ್ಪೆ ಹಾಸಿದಳು. ಪಂಜರದ ಕೋಳಿಯ ಕಾಲಿಗೆ ಬಲ ಇರುವುದಿಲ್ಲ ಎಂದು ಕೂರುವ ಕೋಲನ್ನು ನೆಲದಿಂದ ಗೇಣೆತ್ತರಕ್ಕಷ್ಟೇ ಕಟ್ಟಿದಳು.

ಚಂದವ್ವ ಒಮ್ಮೆ ಹೋಗಿ ನೋಡಿ, “ಬಾಣಂತಿ ಖೋಲಿ ಮಾಡಿದಂಗ ಮಾಡೀಯಲ್ಲ” ಎಂದು ಚೇಷ್ಟೆ ಮಾಡಿದಳು.

“ಬಾಣಂತಿ ಸಲುವಾಗೇ ಚಂದಕ್ಕ,” ಎಂದಳು ಬೋರವ್ವ. ಅವಳ ಮಗಳು ಇಳಕಲ್ಲಿನಲ್ಲಿದ್ದಳು, ತುಂಬಿದ ಬಸುರಿ. ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದ್ದರು. ಹೆತ್ತು ತವರಿಗೆ ಬಂದವಳಿಗೆ ಮನೆಯದೇ ತತ್ತಿ ಕೊಡಬೇಕೆಂದು ತಾಯಿಯ ಆಸೆ.

ಗುರುವಾರ ಸಂಜೆ ಕೋಳಿ ಬಂದವು. ಕುತ್ತಿಗೆಯಲ್ಲಿ ಪುಕ್ಕವಿಲ್ಲ. ಬಿಳಿಚಿಕೊಂಡ ಜುಟ್ಟು ಒಂದು ಕಡೆ ಜೋತಿತ್ತು. ತಂತಿಯ ಮೇಲೇ ನಿಂತು ನಿಂತು ಉಗುರು ಉದ್ದವಾಗಿ ಬಾಗಿದ್ದವು. ನೆಲಕ್ಕೆ ಬಿಟ್ಟರೆ ಬಿಟ್ಟ ಜಾಗದಲ್ಲೇ ನಿಂತವು.

ಅದೇ ಹೊತ್ತಿಗೆ ಇಳಕಲ್ಲಿನಿಂದ ಫೋನು ಬಂತು. ಮಗಳಿಗೆ ಮೂರು ವಾರ ಮೊದಲೇ ನೋವು ಶುರುವಾಗಿತ್ತು. ಕಡೆಯ ಬಸ್ಸಿಗೆ ಅರ್ಧ ತಾಸೂ ಇರಲಿಲ್ಲ. ಕೋಳಿ ಕೊಡಿಸಿದ ಅಲ್ಮಾಸ ಆಗಲೇ ಬಾದಾಮಿಯ ತರಬೇತಿಗೆ ಹೊರಟುಹೋಗಿದ್ದಳು. ಬೋರವ್ವ ಕೈಚೀಲ ಹಿಡಿದು ಅಂಗಳದಲ್ಲಿ ನಿಂತು ಗೂಡಿನ ಕಡೆಗೊಮ್ಮೆ, ರಸ್ತೆಯ ಕಡೆಗೊಮ್ಮೆ ನೋಡಿದಳು.

“ನಾ ಸತ್ತೀನೇನು? ನೀ ಹೋಗು,” ಎಂದಳು ಚಂದವ್ವ. “ನನ್ನ ಎಂಟರ ಜೋಡಿ ನಿನ್ನ ಐದು ಹೆಚ್ಚೇನ?”

ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ ಚಂದವ್ವನಿಗೆ ಬೋರವ್ವ ದಾರಿಯುದ್ದಕ್ಕೂ ಹೇಳಿದಳು. ಗೂಡಿನಲ್ಲೇ ಇರಲಿ, ಮೂರು ವಾರ ಜವಾರಿ ಕೋಳಿಯ ಜೊತೆ ಸೇರಿಸಬೇಡ. ಡಬ್ಬಿಯಲ್ಲಿ ಹಿಟ್ಟಿನಂಥ ಆಹಾರ ಇದೆ, ನೀರಲ್ಲಿ ಕಲಸಿ ಇಡು. ಬಸ್ಸು ಹತ್ತುವ ಮುಂಚೆ ಚಂದವ್ವನ ಕೈ ಹಿಡಿದು ಇನ್ನೊಂದು ಹೇಳಿದಳು.

“ಅವು ಹುಟ್ಟಿದಾಗಿಂದ ಪೈಪಿನ ಹನಿ ಕುಟುಕಿ ಕುಡದಾವಂತ. ಬೋಗಾಣ್ಯಾಗಿನ ನೀರು ನೀರು ಅಂತ ಅವಕ್ಕ ತಿಳಿಯಂಗಿಲ್ಲ. ಒಂದೊಂದರ ಕೊಕ್ಕು ಮುಟ್ಟಿಸಿ ತೋರಸಬೇಕು. ಮರೀಬ್ಯಾಡ ಚಂದಕ್ಕ.”

“ಆತು,” ಎಂದಳು ಚಂದವ್ವ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೆ ಬಸ್ಸು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಅವಳಿಗೆ ಒಳಗೊಳಗೇ ನಗು ಬಂದಿತ್ತು. ನೀರು ಕುಡಿಯುವುದನ್ನು ಕೋಳಿಗೆ ಯಾರಾದರೂ ಕಲಿಸುತ್ತಾರೆಯೇ?

ಶುಕ್ರವಾರ ಬೆಳಿಗ್ಗೆ ಹುಣಸೆಹಣ್ಣಿನ ಕೆಲಸ ಕಾಯುತ್ತಿತ್ತು. ಪದೇ ಪದೇ ಓಣಿ ದಾಟಿ ಹೋಗುವುದು ರಗಳೆ ಎನಿಸಿತು. ಐದನ್ನೂ ಕಂಕುಳಲ್ಲಿ ಇರುಕಿಕೊಂಡು ತಂದು ತನ್ನ ಅಂಗಳದ ಗೋಡೆಯ ನೆರಳಿಗೆ ಬಿಟ್ಟಳು. ಒಂದು ಬೋಗಾಣಿ ನೀರಿಟ್ಟಳು. ನಾಲ್ಕು ಹಿಡಿ ಜೋಳ ಚೆಲ್ಲಿದಳು. ಮಧ್ಯಾಹ್ನ ಬಂದು ನೋಡಿದರೆ ಬೋಗಾಣಿ ಖಾಲಿ, ನೆಲದ ಮೇಲೆ ಒಂದು ಕಾಳೂ ಇಲ್ಲ. ಕುಡಿದಿವೆ, ತಿಂದಿವೆ ಎಂದುಕೊಂಡು ಮತ್ತೆ ತುಂಬಿಸಿದಳು. ಸಂಜೆಗೆ ಅದೂ ಖಾಲಿ. “ನೋಡ್ರಿ, ಯಾರ ಕಲಿಸಿದ್ರು ಇವಕ್ಕ?” ಎಂದು ಗಂಡನಿಗೆ ತೋರಿಸಿದಳು. ರಾತ್ರಿ ಇಳಕಲ್ಲಿನಿಂದ ಬೋರವ್ವ ಫೋನು ಮಾಡಿದಾಗಲೂ, ಎಲ್ಲ ಅರಾಮ ಅದಾವ, ನೀ ಮಗಳನ್ನು ನೋಡಿಕೋ ಎಂದಳು.

ರಾತ್ರಿ ಬುಟ್ಟಿಯಡಿ ಮುಚ್ಚಿದ್ದ ಐದನ್ನೂ ಶನಿವಾರ ಬೆಳಿಗ್ಗೆ ಮತ್ತೆ ಗೋಡೆಯ ನೆರಳಿಗೇ ಬಿಟ್ಟಿದ್ದಳು. ಮಧ್ಯಾಹ್ನ ಬಡಿಗೆ ಕೆಳಗಿಟ್ಟು ಬೆವರು ಒರೆಸಿಕೊಳ್ಳುವಾಗ ಚಂದವ್ವನ ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ಸೂರ್ಯ ಪಡುವಣಕ್ಕೆ ಹೊರಳಿದ್ದ. ನೆರಳು ಗೋಡೆಯ ಆಚೆಗೆ ಸರಿದಿತ್ತು. ಐದು ಕೋಳಿ ಮಾತ್ರ ಬೆಳಿಗ್ಗೆ ಬಿಟ್ಟ ಜಾಗದಲ್ಲೇ ಇದ್ದವು. ಎದ್ದು ನಾಲ್ಕು ಹೆಜ್ಜೆ ನಡೆದರೆ ನೆರಳಿದೆ ಎಂದು ಪಂಜರದಲ್ಲಿ ಬೆಳೆದ ಜೀವಕ್ಕೆ ಹೇಗೆ ತಿಳಿಯಬೇಕು? ಮೂರು ಕತ್ತು ಚೆಲ್ಲಿ ಬಿದ್ದಿದ್ದವು. ಎರಡು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು.

ಚಂದವ್ವ ಓಡಿ ಹೋಗಿ ಒಂದನ್ನು ಎತ್ತಿದಳು. ಕಸಬರಿಗೆಯಷ್ಟು ಹಗುರವಿತ್ತು. ಇಷ್ಟು ವರ್ಷದ ರೂಢಿಯಿಂದ ಅವಳ ಬೆರಳು ತಾವಾಗಿಯೇ ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿದವು. ಬರಿದು. ಒಂದು ಕಾಳಿಲ್ಲ. ಉಳಿದ ನಾಲ್ಕರದೂ ಹಾಗೇ. ಅಂಗಳದಲ್ಲಿ ತನ್ನ ಜವಾರಿ ಕೋಳಿಯೊಂದನ್ನು ಹಿಡಿದು ಮುಟ್ಟಿದಳು. ಚೀಲ ಲಿಂಬೆಹಣ್ಣಿನ ಹಾಗೆ ತುಂಬಿ ಗಟ್ಟಿಯಾಗಿತ್ತು. ಎರಡು ದಿನದ ನೀರು ಯಾರು ಕುಡಿದರು, ಜೋಳ ಯಾರು ತಿಂದರು ಎನ್ನುವುದು ಆಗ ಅವಳಿಗೆ ತಿಳಿಯಿತು.

ನಾಗಲಿಂಗ ಅಲ್ಮಾಸಳಿಗೆ ಫೋನು ಹಚ್ಚಿಕೊಟ್ಟ. ಅಲ್ಮಾಸ ಬಯ್ಯಲಿಲ್ಲ.

“ಮೊದಲ ನೆರಳಿಗೆ ಒಯ್ರಿ ಅಕ್ಕಾರ. ನೀರಾಗ ಚೂರು ಬೆಲ್ಲ, ಒಂದು ಚಿಟಿಕಿ ಉಪ್ಪು ಹಾಕ್ರಿ. ಕೊಕ್ಕಿನ ತುದಿ ಅಷ್ಟ ಅದ್ದಸ್ರಿ, ಮೂಗಿನ ತೂತು ಮುಳಗಬಾರದು. ಬಾಯಾಗ ಸುರೀಬ್ಯಾಡ್ರಿ, ಗಂಟಲಾಗ ಸಿಗತೈತಿ. ಹಂಗ ತಡೀರಿ, ಕುಡೀತಾವ.”

ಚಂದವ್ವ ಹಾಗೇ ಮಾಡಿದಳು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಕೋಳಿ ಕೊಕ್ಕು ಆಡಿಸಿತು. ಮೂರನೆಯ ಸಲ ಕತ್ತು ಮೇಲೆತ್ತಿ ಗುಟುಕು ಇಳಿಸಿತು. ಆಮೇಲೆ ಯಾರೂ ಮುಟ್ಟಿಸಬೇಕಾಗಲಿಲ್ಲ, ತಾನೇ ಬಾಗಿ ಬಾಗಿ ಕುಡಿಯಿತು. ಇನ್ನೊಂದೂ ಅದನ್ನು ನೋಡಿ ಕುಡಿಯಿತು. ಅಷ್ಟಕ್ಕೆ ಹಿಡಿದದ್ದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಅಷ್ಟು ಹೊತ್ತನ್ನು ಗುರುವಾರ ಕೊಡಲಾರದವಳು ಸತ್ತ ಮೂರರ ಪಕ್ಕದಲ್ಲಿ ಕೂತು ಅತ್ತಳು.

ಮರುದಿನ ಅಲ್ಮಾಸ ಬಂದಳು. ಸತ್ತವನ್ನು ತಿಪ್ಪೆಗೆ ಎಸೆಯಲು ಬಿಡದೆ, ಮನೆಯಿಂದ ದೂರ ಆಳವಾದ ಕುಣಿ ತೋಡಿಸಿ, ಸುಣ್ಣ ಹಾಕಿಸಿ ಮುಚ್ಚಿಸಿದಳು. ಉಳಿದ ಎರಡನ್ನು ಬೋರವ್ವ ಸಜ್ಜು ಮಾಡಿದ್ದ ಗೂಡಿಗೇ ಸೇರಿಸಿದರು. ಹಿಟ್ಟಿನ ಆಹಾರ ಕಲಸಿಟ್ಟ ಕೂಡಲೇ ಅವು ಮುಗಿಬಿದ್ದವು.

“ಜೋಳ ಕಂಡ್ರ ಇವು ಕಲ್ಲು ಅಂತಾವ,” ಎಂದಳು ಅಲ್ಮಾಸ. “ಹಿಟ್ಟಿನ ಜೋಡಿ ದಿನಾ ಸ್ವಲ್ಪ ಸ್ವಲ್ಪ ನುಚ್ಚು ಬೆರೆಸಿ ರೂಢಿ ಮಾಡಬೇಕ್ರಿ.”

ಚಂದವ್ವ ಈಗ ಕೇಳಿ ಕೇಳಿ ತಿಳಿದುಕೊಂಡಳು. ಬೇರೆ ಇಡುವುದು ಯಾಕೆ? ಹೊಸ ಕೋಳಿಯನ್ನು ಹಳೆಯವು ಕುಟುಕುತ್ತವೆ, ನೀರು ಮೇವಿನ ಹತ್ತಿರ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ. ಕೊಕ್ಕರೆ ರೋಗ ಹೊಕ್ಕರೆ ಓಣಿಯ ಕೋಳಿಯೆಲ್ಲ ಹೋಗುತ್ತವೆ. ಅದಕ್ಕೆ ಲಸಿಕೆ ಇದೆ, ಪಶು ದವಾಖಾನೆಯಲ್ಲಿ ಕೇಳಬೇಕು. ತನ್ನ ಎಂಟಕ್ಕೆ ಎಂದೂ ಲಸಿಕೆ ಹಾಕಿಸಿರಲಿಲ್ಲ ಎಂದು ಚಂದವ್ವ ತಾನಾಗಿಯೇ ಒಪ್ಪಿಕೊಂಡಳು. ಮುಂದಿನ ವಾರ ನಾಗಲಿಂಗನೇ ಬುಟ್ಟಿ ಹೊತ್ತು ದವಾಖಾನೆಗೆ ನಡೆದ.

ಒಂಬತ್ತನೆಯ ದಿನ ಬೋರವ್ವ ಬಂದಳು. ಮಗಳು, ಮೊಮ್ಮಗಳು ಇಬ್ಬರೂ ಕ್ಷೇಮ. ಎರಡು ವಾರ ಬಿಟ್ಟು ಕರೆತರುವುದಿತ್ತು. ಗೂಡಿನ ಮುಂದೆ ನಿಂತು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಚಂದವ್ವ ಮೂರು ಜವಾರಿ ಕೋಳಿಯ ಕಾಲು ಕಟ್ಟಿ ತಂದು ಅವಳ ಮುಂದಿಟ್ಟಳು. ಮೂರೂ ತತ್ತಿ ಇಡುವಂಥವು. ನಡೆದದ್ದನ್ನು ಒಂದೂ ಮುಚ್ಚದೆ ಹೇಳಿದಳು.

ಬೋರವ್ವ ಕೈಚೀಲ ಕೆಳಗಿಟ್ಟಳು.

“ನಾ ಫೋನ್ ಮಾಡಿದಾಗ ಅವು ನೀರಡಸಿ ಕುಂತಿದ್ವಲ್ಲ ಚಂದಕ್ಕ,” ಎಂದಳು.

ಬೋರವ್ವ ಬಾಗಿ ಮೂರೂ ಕೋಳಿಯ ಕಾಲಿನ ದಾರ ಬಿಚ್ಚಿದಳು. ಅವು ಓಣಿ ದಾಟಿ ತಮ್ಮ ಅಂಗಳಕ್ಕೆ ಓಡಿದವು. “ಇವಕ್ಕ ನಿನ್ನ ಮನಿ ಗೊತ್ತೈತಿ. ಅಲ್ಲೇ ಇರಲಿ,” ಎಂದು ಒಳಗೆ ಹೋದಳು.

ಮುಂದೆ ಇಬ್ಬರೂ ಮಾತು ಬಿಡಲಿಲ್ಲ. ಸಾರು ಕೊಡುವುದು, ಸಕ್ಕರೆ ತರುವುದು ನಡೆದೇ ಇತ್ತು. ಎರಡನೆಯ ಸಲ ಕೋಳಿ ಹಂಚುವ ಸಭೆ ಸೇರಿದಾಗ ಚಂದವ್ವ ಎಲ್ಲರಿಗಿಂತ ಮೊದಲು ಹೋಗಿ ಕೂತಳು. ತನ್ನ ತಪ್ಪನ್ನು ಹತ್ತು ಜನರ ಮುಂದೆ ತಾನೇ ಹೇಳಿದಳು. ಅವರಿಗೂ ಬರಲಿದ್ದ ಐದು ಕೋಳಿಗೆಂದು ನಾಗಲಿಂಗ ಬಿದಿರು ಕಡಿದು, ಬಡಗಣಕ್ಕೆ ಮುಖ ಮಾಡಿ ಗೂಡು ಕಟ್ಟಿಕೊಟ್ಟ.

ಬೋರವ್ವ ಮಗಳನ್ನು ಕರೆತರಲು ಇಳಕಲ್ಲಿಗೆ ಹೊರಟ ದಿನ ಚಂದವ್ವ ಹೊಸ ಗೂಡಿಗೆ ಸಿಪ್ಪೆ ಹಾಸುತ್ತಿದ್ದಳು. ಬೋರವ್ವ ಎರಡು ಕೋಳಿಯನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೊರಬಂದಳು. ಚಂದವ್ವ ಕೈ ಒರೆಸಿಕೊಂಡು ಎದ್ದು ನಿಂತಳು. “ಹೋಗಿ ಬರ್ತೇನಿ ಚಂದಕ್ಕ,” ಎಂದು ಹೇಳಿ ಬೋರವ್ವ ಅವಳ ಬಾಗಿಲ ಮುಂದಿನಿಂದಲೇ ಹಾದು, ಆಚೆ ಓಣಿಯ ಅಲ್ಮಾಸಳ ಮನೆಗೆ ಕೋಳಿ ಒಯ್ದಳು. ಚಂದವ್ವನ ಮೇಲಿದ್ದ ಋಣ ತೀರಲಿಲ್ಲ. ಇನ್ನೂ ತೀರಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಪಂಜರದಿಂದ ಬಿಡಿಸಿದ ಕೋಳಿಯನ್ನು ಮನೆಗೆ ತರುವುದು ಪುಣ್ಯದ ಕೆಲಸ. ಆದರೆ ಮೊದಲು ಮನೆ ಸಜ್ಜಾಗಲಿ. ದಿನವಿಡೀ ನೆರಳು ಬೇಕು, ಒಣ ನೆಲ ಬೇಕು, ಬಲೆ ಬೇಕು, ಪರಿಚಯದ ಆಹಾರ ಬೇಕು. ಮೂರು ವಾರ ನಿಮ್ಮ ಕೋಳಿಗಳಿಂದ ದೂರ ಇಡಿ. ಹೊಸವಕ್ಕೂ ಹಳೆಯವಕ್ಕೂ ಲಸಿಕೆ ಹಾಕಿಸಿ. ಕೋಳಿ ಸಾಕುವುದು ನಮಗೆ ಗೊತ್ತು ಎಂದು ಸಭೆ ತಪ್ಪಿಸಬೇಡಿ, ನಿಮಗೆ ಗೊತ್ತಿರುವುದು ಅಂಗಳದ ಕೋಳಿ. ಬೋಗಾಣಿ ಖಾಲಿಯಾಯಿತೆಂದು ನಂಬಬೇಡಿ. ಬಂದ ದಿನವೇ, ಎಷ್ಟೇ ಕೆಲಸವಿರಲಿ, ಒಂದೊಂದರ ಕೊಕ್ಕನ್ನೂ ನೀರಿಗೆ ಮುಟ್ಟಿಸಿ. ಅದು ಕತ್ತೆತ್ತಿ ಗುಟುಕು ಇಳಿಸಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅಲ್ಲಿಂದ ಏಳಿ.